ಪುಂಡಿ ಮಿರ್ಚಿ ಹುಟ್ಟಿದ ದಿನ

ಶಹಾಪುರ
4 ಮಾರ್ಚ್ 2025

ಸುರಪುರದ ಮೌನಮ್ಮನವರಿಗೆ,

ಶಹಾಪುರ ಬಸ್ ಸ್ಟ್ಯಾಂಡಿನ ಎದುರು ಪುಂಡಿ ಮಿರ್ಚಿ ಅಂಗಡಿ ನಡೆಸುವ ಹುಲಗಪ್ಪನವರ ಮಗಳು ಪರಿಮಳಾ ಮಾಡುವ ನಮಸ್ಕಾರಗಳು. ನೀವು ನನ್ನನ್ನು ನೋಡಿಲ್ಲ. ಆದರೆ ನಮ್ಮ ಆಯಿ, ಅಪ್ಪನ ಅವ್ವ ತಿಮ್ಮವ್ವನನ್ನು ಚೆನ್ನಾಗಿ ಬಲ್ಲಿರಿ ಎಂದು ಕೇಳಿ ಈ ಕಾಗದ ಬರೆಯುತ್ತಿದ್ದೇನೆ. ಮೊದಲು ಫೋನ್ ಮಾಡಿದ್ದೆ. ನಿಮ್ಮ ಮೊಮ್ಮಗಳು ನಂದಿನಿ ಎತ್ತಿ, "ನಮ್ಮ ಆಯಿಗೆ ಕಿವಿ ಕೇಳಂಗಿಲ್ರಿ. ನೀವು ಒದರೂದು ಓಣಿ ಮಂದಿಗೆಲ್ಲಾ ಕೇಳ್ತದ, ಆಕಿಗೊಬ್ಬಾಕಿಗೆ ಕೇಳಂಗಿಲ್ಲ. ಕಾಗದ ಬರೀರಿ, ಕನ್ನಡಕ ಹಾಕ್ಕೊಂಡು ಓದ್ತಾಳ" ಎಂದಳು. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಕಾಲೇಜು ಬಿಟ್ಟ ಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು, ಅಕ್ಷರ ನೋಡಿ ನಗಬೇಡಿ.

ವಿಷಯ ಇದು. ಬರುವ ಜೂನ್ ಒಂದಕ್ಕೆ ನಮ್ಮ ಪುಂಡಿ ಮಿರ್ಚಿಗೆ ಐವತ್ತು ವರ್ಷ! ಹಸಿಮೆಣಸಿನಕಾಯಿ ಸೀಳಿ, ಒಳಗೆ ಪುಂಡಿಸೊಪ್ಪಿನ ಹುಳಿ ಹುಳಿ ಪಲ್ಯ ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುವ ಈ ಮಿರ್ಚಿಗಾಗಿ ಈಗ ಕಲಬುರಗಿಯಿಂದಲೂ ಮಂದಿ ಬರುತ್ತಾರೆ. ಬಸ್ಸಿನವರಂತೂ ಇಲ್ಲಿ ಐದು ನಿಮಿಷ ಎಂದು ಹೇಳಿ ಇಪ್ಪತ್ತು ನಿಮಿಷ ನಿಲ್ಲಿಸುತ್ತಾರೆ. ಐವತ್ತರ ದಿನ ದೊಡ್ಡದಾಗಿ ಪೆಂಡಾಲ್ ಹಾಕಿ, ಬಂದವರಿಗೆಲ್ಲ ಬಿಸಿ ಮಿರ್ಚಿ ಕೊಡಬೇಕೆಂದು ಅಪ್ಪ ತಯಾರಿ ನಡೆಸಿದ್ದಾನೆ. ಒಂದು ಯೂಟ್ಯೂಬ್ ಚಾನೆಲ್ಲಿನವರೂ ಬರುತ್ತಾರೆ. ಅವರೇ ನನ್ನ ತಲೆಯಲ್ಲಿ ಹುಳ ಬಿಟ್ಟವರು. "ತಾರೀಖಿಗೆ ಪುರಾವೆ ಏನದರಿ?" ಎಂದು ಕೇಳಿದರು. ಏಕೆಂದರೆ ಯಾದಗಿರಿಯಲ್ಲಿ ಒಬ್ಬರು ತಮ್ಮ ಗಾಡಿಯ ಮೇಲೆ "ಮೊದಲ ಪುಂಡಿ ಮಿರ್ಚಿ, 1973ರಿಂದ" ಎಂದು ಬರೆಸಿಕೊಂಡಿದ್ದಾರಂತೆ.

ನಮ್ಮ ಪುರಾವೆ ಆಯಿಯ ಮಾತು. "ಹುಲಗಪ್ಪ ಹುಟ್ಟಿದ ದಿವಸನೇ ಪುಂಡಿ ಮಿರ್ಚಿ ಹುಟ್ಟ್ಯಾದ" ಎಂದು ಆಕೆ ಸಾಯುವವರೆಗೂ ಹೇಳುತ್ತಿದ್ದಳು. ಅಪ್ಪನ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ 1-6-1975. ಬೋರ್ಡಿನ ಮೇಲೂ ಅದೇ ಇದೆ: "ತಿಮ್ಮವ್ವ ಪುಂಡಿ ಮಿರ್ಚಿ, ಸ್ಥಾಪನೆ 1-6-1975". ಆದರೂ ಒಂದು ಮಾತು ಕೇಳಿಬಿಡೋಣ ಎಂದು ಹಳೆಯ ಗಿರಾಕಿಗಳ ಹಿಂದೆ ಬಿದ್ದೆ. ಒಬ್ಬರು ತಮ್ಮ ಮದುವೆಯಾದ ವರ್ಷ ತಿಂದೆ ಎಂದರು, ಇನ್ನೊಬ್ಬರು ತಮ್ಮ ಎತ್ತು ಸತ್ತ ವರ್ಷ ಎಂದರು. ನಿವೃತ್ತ ಕಂಡಕ್ಟರ್ ಭೀಮರಾಯ ಅಜ್ಜ ಮಾತ್ರ ಬೇರೆಯೇ ಒಂದು ಮಾತು ಹೇಳಿದ. "ಯಾವ ವರ್ಷ ಅಂತ ನೆನಪಿಲ್ಲವ್ವ. ಆದ್ರ ಆಗ ಕಡಾಯಿ ಮುಂದ ಇಬ್ಬರು ಹೆಣ್ಮಕ್ಕಳು ಇದ್ರು. ಇನ್ನೊಬ್ಬಾಕಿ ಮೌನಮ್ಮ, ಸುರಪುರಕ್ಕ ಹೋದಳು."

ನಮ್ಮ ಮನೆಯಲ್ಲಿ ನಿಮ್ಮ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ. ನೀವು ಆ ದಿನ ಅಲ್ಲಿದ್ದಿರಾ? ಜೂನ್ ಒಂದು ಹೌದು ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು, ಯಾದಗಿರಿಯವರ ಬಾಯಿ ಮುಚ್ಚಿಸುತ್ತೇನೆ. ಈ ಕಾಗದದ ವಿಷಯ ಅಪ್ಪನಿಗೆ ಗೊತ್ತಿಲ್ಲ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಪರಿಮಳಾ

•

ಸುರಪುರ
15 ಮಾರ್ಚ್ 2025

ಪರಿಮಳಾಗೆ,

ನಿನ್ನ ಕಾಗದ ಮುಟ್ಟಿತು. ಅಕ್ಷರ ನೋಡಿ ನಕ್ಕೆ. ನಾನು ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಕೈ ಹಿಡಿದು ತಿದ್ದಿಸಿದವಳು, ನಗದೆ ಇರಲು ಆಗಲಿಲ್ಲ. ಬಾಯಲ್ಲಿ ನಮ್ಮ ಮಾತೇ ಆಡಿದರೂ ಕಾಗದಕ್ಕೆ ಕೂತಾಗ ವರದಿ ಬರೆಯುವ ಭಾಷೆ ಬರುತ್ತದೆ, ಅದು ಅಭ್ಯಾಸಬಲ.

ನೀನು ಒಂದು ಸಾಲು ಕೇಳಿದ್ದೀಯ. ತಗೋ: ಜೂನ್ ಒಂದು ಸುಳ್ಳು.

ಯೋಚನೆ ಮಾಡು. ಪುಂಡಿ ಯಾವಾಗ ಬಿತ್ತುತ್ತಾರೆ? ಮಳೆ ಬಿದ್ದ ಮೇಲೆ. ಈಗೇನೋ ಕಾಲುವೆ ನೀರು ಬಂದು ಹನ್ನೆರಡು ತಿಂಗಳೂ ಸಂತೆಯಲ್ಲಿ ಪುಂಡಿ ಕಟ್ಟು ಸಿಗುತ್ತದೆ. ನೀನು ಹುಟ್ಟಿದಾಗಿನಿಂದ ಅದನ್ನೇ ನೋಡಿದ್ದೀಯ. ಆಗ ಕಾಲುವೆ ಎಲ್ಲಿತ್ತು? ಜೂನ್ ಒಂದಕ್ಕೆ ಹೊಲದಲ್ಲಿ ಹಸಿರು ಕಡ್ಡಿ ಇರುತ್ತಿರಲಿಲ್ಲ. ಸೊಪ್ಪೇ ಇಲ್ಲದೆ ನಿಮ್ಮ ಆಯಿ ಮಣ್ಣು ತುಂಬಿ ಕರಿದಳೇನು?

ಇನ್ನು ನಿನ್ನ ಅಪ್ಪ ಜೂನ್ ಒಂದಕ್ಕೆ ಹುಟ್ಟಿದ ಎಂಬುದು. ಹೋಗಿ ಅವನ ಜೊತೆ ಕಲಿತವರನ್ನು ಅವರ ಹುಟ್ಟಿದ ದಿನ ಕೇಳಿ ಬಾ. ಆಗ ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ತುಂಬಿದೆ ಎಂದು ಲೆಕ್ಕ. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ನಾನೂ ಎಷ್ಟು ಮಕ್ಕಳನ್ನು ಹಾಗೆ ಶಾಲೆಗೆ ದಾಟಿಸಿದ್ದೇನೆ.

ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಬಸ್ಸಿನವರ ಕೈಯಲ್ಲಿ ಮಿರ್ಚಿ ಕಟ್ಟಿಸಿ ಕಳಿಸುವ ವಿಚಾರವಿದ್ದರೆ ಬೇಡ. ನಾನು ಅದನ್ನು ತಿನ್ನುವುದು ಬಿಟ್ಟು ನಲವತ್ತೆಂಟು ವರ್ಷವಾಯಿತು.

ಮೌನಮ್ಮ

•

ಶಹಾಪುರ
23 ಮಾರ್ಚ್ 2025

ಮೌನಮ್ಮ ಆಯಿಗೆ,

ನೀವು ಒಪ್ಪಿದರೂ ಬಿಟ್ಟರೂ ಇನ್ನು ಆಯಿ ಎಂದೇ ಕರೆಯುತ್ತೇನೆ. ಎಂಥ ಬಾಂಬು ಹಾಕಿದಿರಿ! ನಿಮ್ಮ ಕಾಗದ ಬಂದಾಗಿನಿಂದ ನನಗೆ ಅಂಗಡಿಯಲ್ಲಿ ಕೈ ನಿಲ್ಲುತ್ತಿಲ್ಲ. ನಿನ್ನೆ ಒಬ್ಬರಿಗೆ ಚಹಾದಲ್ಲಿ ಉಪ್ಪು ಹಾಕಿ ಕೊಟ್ಟೆ.

ಅಪ್ಪನ ಜೊತೆ ಕಲಿತವರಲ್ಲಿ ಹನ್ನೊಂದು ಜನ ಸಿಕ್ಕರು. ಹನ್ನೊಂದರಲ್ಲಿ ಹತ್ತು ಜನ ಜೂನ್ ಒಂದಕ್ಕೇ ಹುಟ್ಟಿದವರು! ಉಳಿದವನೊಬ್ಬ ಜುಲೈ ಒಂದು, ಅವನು ಶಾಲೆಗೆ ಒಂದು ತಿಂಗಳು ತಡವಾಗಿ ಸೇರಿದ್ದನಂತೆ. ಅವರಲ್ಲಿ ಮೂವರು ಸರ್ಕಾರಿ ನೌಕರರು, ಮೂವರಿಗೂ ಒಂದೇ ದಿನ ನಿವೃತ್ತಿ. ಒಬ್ಬರು ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮವ್ವಂದಿರಿಗೆ ತಾರೀಖು ಎಲ್ಲಿ ಗೊತ್ತಿತ್ತವ್ವ? ಸಾಲಿ ಸುರು ಆಗೂ ದಿನಾನೇ ಮಾಸ್ತರ್ ಬರದ್ರು, ಅದೇ ನಮ್ಮ ಜಾತಕ" ಎಂದರು. ಅಪ್ಪನಿಗೂ ಇದೆಲ್ಲ ಗೊತ್ತೇ ಇರಬೇಕಲ್ಲ ಎಂದು ಅವನನ್ನೇ ಕೇಳಿದೆ. ಉಳಿದವರದು ಬರೆದದ್ದು, ತನ್ನದು ಮಾತ್ರ ಖರೆ ಎಂದು ಅವನ ನಂಬಿಕೆ.

ಆದರೆ ಆಯಿ, ನಿಮ್ಮ ಕಾಗದ ಓದಿದ ಮೇಲೆ ಇನ್ನೊಂದು ಸಂಗತಿ ಹೊಳೆಯಿತು. ಅಪ್ಪ ಹುಟ್ಟಿದ ದಿನವೇ ಮಿರ್ಚಿಯೂ ಹುಟ್ಟಿತು ಎಂದು ತಿಮ್ಮವ್ವ ಆಯಿ ಹೇಳುತ್ತಿದ್ದಳು. ಅಂದು ಆಕೆ ಹೆರಿಗೆ ಬೇನೆಯಲ್ಲಿ ಇದ್ದಳಲ್ಲ! ಹಾಗಾದರೆ ಕಡಾಯಿ ಮುಂದೆ ಯಾರಿದ್ದರು? ಇಷ್ಟು ವರ್ಷ ನೂರು ಸಲ ಆ ಮಾತು ಕೇಳಿದೆ, ಸಾವಿರ ಜನಕ್ಕೆ ಹೇಳಿದೆ, ಒಮ್ಮೆಯೂ ಈ ಪ್ರಶ್ನೆ ನನಗೆ ಬರಲಿಲ್ಲ.

ನೀವಿದ್ದಿರಿ ಅಲ್ಲವೇ?

ನನಗೆ ಭಯವೂ ಆಗುತ್ತಿದೆ, ಮುಚ್ಚಿಡುವುದಿಲ್ಲ. ಆಯಿಯ ಹೆಸರಿನ ಮೇಲೆ ನಮ್ಮ ಮನೆ ನಿಂತಿದೆ. ಆಕೆ ಸುಳ್ಳು ಹೇಳಿದಳು ಎಂದು ಗೊತ್ತಾದರೆ ಅಪ್ಪ ತಡೆದುಕೊಳ್ಳುವುದಿಲ್ಲ. ನಾನೂ ತಡೆದುಕೊಳ್ಳುವುದಿಲ್ಲ. ಆದರೂ ನನಗೆ ನಿಜ ಬೇಕು. ಜೂನ್ ಒಂದರ ಕರಪತ್ರ ಪ್ರೆಸ್ಸಿನಿಂದ ಬಂದು ಮೂಲೆಯಲ್ಲಿ ಕೂತಿದೆ. ದಯವಿಟ್ಟು ಬರೆಯಿರಿ.

ನಿಮ್ಮ,
ಪರಿಮಳಾ

•

ಸುರಪುರ
5 ಏಪ್ರಿಲ್ 2025

ಪರಿಮಳಾ,

ಬರೆಯಬಾರದು ಎಂದು ಹತ್ತು ದಿನ ಕೂತೆ. ಆಮೇಲೆ ನಂದಿನಿ, "ಆಯಿ, ನೀ ಹಗಲೆಲ್ಲಾ ಒಬ್ಬಾಕಿನೇ ತುಟಿ ಅಲುಗಾಡಿಸ್ಲಿಕತ್ತಿ, ಅದನ್ನೇ ಕಾಗದದಾಗ ಬರಿ" ಎಂದಳು. ಸರಿ, ಬರೆಯುತ್ತೇನೆ. ಬರೆಯಲು ಕೂತರೆ ಎಲ್ಲವೂ ನಿನ್ನೆ ನಡೆದಂತಿದೆ.

ನಾನೂ ನಿಮ್ಮ ಆಯಿಯೂ ಕೊಂಕಲ್ಲಿನವರು. ಒಂದೇ ಓಣಿ. ನಾನು ಏಳನೆಯ ಇಯತ್ತೆವರೆಗೆ ಕಲಿತೆ, ತಿಮ್ಮಿ ಶಾಲೆಯ ಕಟ್ಟೆ ಹತ್ತಲಿಲ್ಲ. ಇಬ್ಬರನ್ನೂ ಶಹಾಪುರಕ್ಕೆ ಕೊಟ್ಟರು. ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಇಬ್ಬರೂ ಸೇರಿ ಒಂದು ಒಲೆ, ಒಂದು ಕಡಾಯಿ ಇಟ್ಟೆವು. ಆಗ ಎಲ್ಲರಂತೆ ಹುಣಸೆಹಣ್ಣು, ಅಜವಾನ ತುಂಬಿದ ಸಾದಾ ಮಿರ್ಚಿ ಮಾಡುತ್ತಿದ್ದೆವು. ಆಕೆ ತುಂಬುವವಳು, ನಾನು ಕರಿಯುವವಳು.

ಅದು ತುರ್ತು ಪರಿಸ್ಥಿತಿ ಹೇರಿದ ವರ್ಷ. ಸೀಗಿ ಹುಣ್ಣಿಮೆಯ ಮರುದಿನ. ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿ ಬಂದಿದ್ದೆವು. ಚರಗಕ್ಕೆಂದು ಮಾಡಿದ ಪುಂಡಿಪಲ್ಯ ಬಹಳ ಉಳಿದಿತ್ತು. ಅವತ್ತು ಬೆಳಿಗ್ಗೆ ತಿಮ್ಮಿಗೆ ಬೇನೆ ಶುರುವಾಯಿತು. ಆಕೆಯನ್ನು ಟಾಂಗಾದಲ್ಲಿ ದವಾಖಾನೆಗೆ ಕರೆದೊಯ್ದರು. ನಾನು ಒಬ್ಬಳೇ ಒಲೆ ಹಚ್ಚಿದೆ. ಸುರಪುರದ ಬಸ್ಸು ಬಂತು, ಮಂದಿ ಇಳಿದು ಮುತ್ತಿದರು. ಹುಣಸೆಹಣ್ಣಿನ ಗಡಿಗೆ ಖಾಲಿ. ಡಬ್ಬಿಯಲ್ಲಿ ಪುಂಡಿಪಲ್ಯವಿತ್ತು. ಅದನ್ನೇ ಮೆಣಸಿನಕಾಯಿಗೆ ತುಂಬಿದೆ, ಹಿಟ್ಟಿನಲ್ಲಿ ಅದ್ದಿದೆ, ಎಣ್ಣೆಗೆ ಬಿಟ್ಟೆ.

ಮೊದಲ ಮಿರ್ಚಿ ತಿಂದವನು ಆ ಬಸ್ಸಿನ ಡ್ರೈವರ್. ಒಂದು ಕಚ್ಚಿದ, ಕಣ್ಣು ಮುಚ್ಚಿದ. ಉಗುಳಿಯೇಬಿಡುತ್ತಾನೆ ಎಂದುಕೊಂಡೆ. ಆಮೇಲೆ ಕಣ್ಣು ತೆರೆದು, "ಏನ್ ಹಾಕೀದಿ ಯವ್ವಾ ಇದರಾಗ? ಇನ್ನ ನಾಕು ಕೊಡು" ಎಂದ. ಬಸ್ಸು ಹೊರಡಲೇ ಇಲ್ಲ! ಮಧ್ಯಾಹ್ನಕ್ಕೆಲ್ಲ ಡಬ್ಬಿ ತಳ ಕಂಡಿತು. ನಾನು ಕೊನೆಯ ಎರಡು ಮಿರ್ಚಿಯನ್ನು ಕಾಗದದಲ್ಲಿ ಸುತ್ತಿ ದವಾಖಾನೆಗೆ ಓಡಿದೆ. ತಿಮ್ಮಿಯ ಮಗ್ಗುಲಲ್ಲಿ ನಿನ್ನ ಅಪ್ಪ ಮಲಗಿದ್ದ, ಕೆಂಪಗೆ, ಮುಷ್ಟಿ ಬಿಗಿದುಕೊಂಡು. ತಿಮ್ಮಿ ಅರ್ಧ ಮಿರ್ಚಿ ತಿಂದಿದ್ದಳಷ್ಟೆ. ಬಾಣಂತಿಗೆ ಖಾರ ತಿನ್ನಿಸುತ್ತೀಯಾ ಎಂದು ಆಕೆಯ ಅತ್ತೆ ನನ್ನನ್ನು ಗೇಟಿನವರೆಗೆ ಅಟ್ಟಿಸಿಕೊಂಡು ಬಂದಳು. ಅವತ್ತು ನಾನು ನಕ್ಕಷ್ಟು ಆಮೇಲೆ ಎಂದೂ ನಕ್ಕಿಲ್ಲ.

ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಬ್ಬ ಪತ್ರಿಕೆಯವನು ಬಂದು, ಇದನ್ನು ಮೊದಲು ಮಾಡಿದವರು ಯಾರು ಎಂದು ಕೇಳಿದ. ತಿಮ್ಮಿ, "ನಾನು" ಎಂದಳು. ನಾನು ಪಕ್ಕದಲ್ಲೇ, ಕೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದೆ. ಆಕೆ ನನ್ನ ಕಡೆ ತಿರುಗಲಿಲ್ಲ. ಕೈ ತೊಳೆದುಕೊಂಡು ನಡೆದುಬಿಟ್ಟೆ. ಸುರಪುರಕ್ಕೆ ಬಂದು ಅಂಗನವಾಡಿ ಸೇರಿದೆ. ಆಕೆ ಕರೆಯಲು ಬರಲಿಲ್ಲ, ನಾನು ತಿರುಗಿ ಹೋಗಲಿಲ್ಲ. ಸತ್ತ ಸುದ್ದಿ ಬಂದಾಗಲೂ ಹೋಗಲಿಲ್ಲ.

ಯಾರು ಮೊದಲು ಮಾಡಿದ್ದು ಎಂದು ಈಗ ನಿನಗೆ ಗೊತ್ತಾಯಿತು. ಪುರಾವೆ ಕೇಳಬೇಡ. ಇದ್ದ ಒಂದು ಪುರಾವೆಯನ್ನು ನಾನೇ ಕೊಟ್ಟು ಬಂದೆ. ಅದು ಎಲ್ಲಿದೆ ಎಂದು ನಾನು ಕೇಳುವುದಿಲ್ಲ.

ಮೌನಮ್ಮ

•

ಶಹಾಪುರ
21 ಏಪ್ರಿಲ್ 2025

ಮೌನಮ್ಮನವರಿಗೆ,

ತಿಮ್ಮವ್ವನ ಮಗ ಹುಲಗಪ್ಪನ ನಮಸ್ಕಾರ. ನೀವು ನನ್ನ ಮಗಳಿಗೆ ಬರೆದ ಕಾಗದಗಳನ್ನು ಓದಿದೆ. ಆಕೆ ಕೊಡಲಿಲ್ಲ, ಹಿಟ್ಟಿನ ಡಬ್ಬಿಯ ಹಿಂದೆ ಸಿಕ್ಕವು.

ನೀವು ವಯಸ್ಸಿನಲ್ಲಿ ದೊಡ್ಡವರು, ಹೆಚ್ಚಿಗೆ ಮಾತನಾಡುವುದಿಲ್ಲ. ನನ್ನ ಅವ್ವ ಸುಳ್ಳುಗಾರಳಲ್ಲ. ಓದು ಬರಹ ಇಲ್ಲದಿದ್ದರೂ ಆಕೆ ಯಾರ ಹತ್ತಿರವೂ ಒಂದು ಸುಳ್ಳು ಆಡಿದ್ದನ್ನು ನಾನು ಕಂಡಿಲ್ಲ. ಆಕೆ ಬದುಕಿದ್ದಾಗ ಬಾರದ ಮಾತು ಆಕೆ ಹೋಗಿ ಆರು ವರ್ಷದ ಮೇಲೆ ಯಾಕೆ ಬಂತು ಎಂದು ನಾನೂ ಕೇಳಬಹುದು. ಜೂನ್ ಒಂದಕ್ಕೆ ನನಗೆ ಐವತ್ತು, ಮಿರ್ಚಿಗೂ ಐವತ್ತು. ಬೋರ್ಡ್ ಹೇಗಿದೆಯೋ ಹಾಗೇ ಇರುತ್ತದೆ.

ಪರಿಮಳಾಗೆ ಇನ್ನು ಕಾಗದ ಬರೆಯಬೇಡಿ.

ಹುಲಗಪ್ಪ

•

ಸುರಪುರ
28 ಏಪ್ರಿಲ್ 2025

ಹುಲಗಪ್ಪ,

ಬರೆಯುವುದಿಲ್ಲ. ನೀನು ಹುಟ್ಟಿದಾಗ ನಿನ್ನ ಮುಷ್ಟಿ ಬಿಡಿಸಲು ಮೂರು ಮಂದಿ ಬೇಕಾಗಿದ್ದರು. ಈಗಲೂ ಹಾಗೇ ಇದ್ದೀಯ. ಚೆನ್ನಾಗಿರು.

ಮೌನಮ್ಮ

•

ಶಹಾಪುರ
28 ಮೇ 2025

ಆಯಿ, ಆಯಿ, ಆಯಿ!

ನಮಸ್ಕಾರ ಎಲ್ಲ ಆಮೇಲೆ. ನಿಮ್ಮ ಪುರಾವೆ ಸಿಕ್ಕಿತು! ಐವತ್ತು ವರ್ಷದಿಂದ ದಿನಾ ನಮ್ಮ ಕೈಯಲ್ಲೇ ಇತ್ತು!

ನಮ್ಮ ಅಂಗಡಿಯಲ್ಲಿ ಒಂದು ಹಳೆಯ ಸ್ಟೀಲಿನ ಬೋಗುಣಿ ಇದೆ. ಪುಂಡಿಪಲ್ಯವನ್ನು ಆಯಿ ಅದರಲ್ಲೇ ಬಿಸಿ ಮಾಡಿ ಅದರಲ್ಲೇ ಇಡುತ್ತಿದ್ದಳು. ಬೇರೆ ಹೊಸ ಪಾತ್ರೆ ತಂದುಕೊಟ್ಟರೂ ಮುಟ್ಟುತ್ತಿರಲಿಲ್ಲ. ತೊಳೆಯುವುದೂ ತಾನೇ. ಒಳಗೆ ಕನ್ನಡಿಯಂತೆ ಬೆಳಗುತ್ತಿದ್ದಳು, ತಳಕ್ಕೆ ಮಾತ್ರ ತಿಕ್ಕುವ ನಾರು ತಾಗಿಸುತ್ತಿರಲಿಲ್ಲ. ಆಕೆಯ ಸೋಮಾರಿತನ ಎಂದು ಅವ್ವ ಗೊಣಗುತ್ತಿದ್ದಳು. ತಳ ಒಲೆಯ ಮಸಿ ಹತ್ತಿ ಹತ್ತಿ ಕರ್ರಗೆ ಗಟ್ಟಿಯಾಗಿತ್ತು.

ಯೂಟ್ಯೂಬಿನವರು ಬೋಗುಣಿಯ ಚಿತ್ರ ತೆಗೆಯುತ್ತಾರೆಂದು ಅಪ್ಪ ಮೊನ್ನೆ ಅದನ್ನು ತಾನೇ ತಿಕ್ಕಲು ಕೂತ. ಬೂದಿ, ನಿಂಬೆಹಣ್ಣು, ಆಮೇಲೆ ಚಾಕುವಿನ ಬೆನ್ನು. ನಾನು ಮೆಣಸಿನಕಾಯಿ ಸೀಳುತ್ತಿದ್ದೆ. ಇದ್ದಕ್ಕಿದ್ದಂತೆ ತಿಕ್ಕುವ ಸದ್ದು ನಿಂತಿತು. ತಿರುಗಿ ನೋಡಿದರೆ ಅಪ್ಪ ಬೋಗುಣಿಯನ್ನು ಬಿಸಿಲಿಗೆ ಓರೆ ಹಿಡಿದುಕೊಂಡಿದ್ದಾನೆ. "ಪರಿಮಳಾ, ಇಲ್ಲಿ ಬಾ. ಇದರಾಗ ಏನೋ ಬರದಾರ, ನನಗ ಕಣ್ಣು ಸರಿ ಕಾಣವಲ್ದು" ಎಂದ. ಕಣ್ಣು ಸರಿಯಾಗಿಯೇ ಇದೆ ಅವನಿಗೆ. ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ: "ಚಿ. ಹುಲಗಪ್ಪನ ತೊಟ್ಟಿಲಿಗೆ ಮೌನಮ್ಮ, ಕೊಂಕಲ್. 2-11-75".

ನಮ್ಮಲ್ಲಿ ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುತ್ತಾರಲ್ಲ. ಬೆರಳು ಮಡಚಿ ಹಿಂದಕ್ಕೆ ಎಣಿಸಿದೆ. ಅಕ್ಟೋಬರ್ ಇಪ್ಪತ್ತೊಂದು! ಮೊಬೈಲಿನಲ್ಲಿ ಆ ವರ್ಷದ ಪಂಚಾಂಗ ತೆಗೆದರೆ ಸೀಗಿ ಹುಣ್ಣಿಮೆ ಇಪ್ಪತ್ತಕ್ಕೆ. ನೀವು ಹೇಳಿದ್ದು ಒಂದು ದಿನವೂ ಆಚೀಚೆ ಆಗಲಿಲ್ಲ. ನಾನು ಅಂಗಡಿಯಲ್ಲೇ ಕುಣಿದೆ, ಗಿರಾಕಿಗಳೆಲ್ಲ ನೋಡುತ್ತಿದ್ದರು.

ಒಂದು ನೆನಪು ಬಂತು, ಹೇಳುತ್ತೇನೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಆಯಿ ಬೋಗುಣಿಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ತಳದ ಮೇಲೆ ಬೆರಳು ಆಡಿಸುತ್ತ ಕೂರುತ್ತಿದ್ದಳು. ಬರೀ ರೂಢಿ ಎಂದುಕೊಂಡಿದ್ದೆ. ಓದಲು ಬಾರದಿದ್ದರೂ ಆಕೆಗೆ ಅಲ್ಲಿ ಯಾರ ಹೆಸರಿದೆ ಎಂದು ಗೊತ್ತಿತ್ತು. ತಿಕ್ಕಿದರೆ ಸವೆಯುತ್ತದೆ ಎಂದೇ ತಿಕ್ಕುತ್ತಿರಲಿಲ್ಲ.

ಆದರೆ ಆಯಿ, ಈಗ ಬೇರೆಯೇ ಆಗಿದೆ. ಅಪ್ಪ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಜೂನ್ ಒಂದರ ಕಾರ್ಯಕ್ರಮ ರದ್ದು. "ಆ ಮುದುಕಿ ಹೇಳಿದ್ದು ಒಂದು ಖರೆ ಆದ್ರ ಎಲ್ಲಾನೂ ಖರೆ. ನಮ್ಮವ್ವ ಸುಳ್ಳು ಹೇಳ್ಯಾಳ. ಮಂದಿ ಕೈಯಾಗಿನ ಹೆಸರು ಕಸ್ಕೊಂಡಾಳ" ಎಂದು ಆಯಿಯ ಫೋಟೋವನ್ನು ಗೋಡೆಯಿಂದ ಇಳಿಸಿಬಿಟ್ಟ. ನಾಡಿದ್ದು ಪೇಂಟರ್ ಅಮೋಘಸಿದ್ದ ಬರುತ್ತಾನೆ. ತಿಮ್ಮವ್ವನ ಹೆಸರು ಅಳಿಸಿ, "ಮೌನಮ್ಮ ಪುಂಡಿ ಮಿರ್ಚಿ" ಎಂದು ಬರೆಸಬೇಕಂತೆ. ನಿಮಗೆ ನ್ಯಾಯ ಸಿಕ್ಕಿತು ಎಂದು ಖುಷಿಪಡಬೇಕು, ಪಟ್ಟಿದ್ದೇನೆ ಕೂಡ. ಆದರೆ ಖಾಲಿ ಗೋಡೆಯ ಮೇಲಿನ ಆ ಮೊಳೆ ನೋಡಿದರೆ ಅಳು ಬರುತ್ತದೆ. ಅಂಚೆ ತಡವಾಗುತ್ತದೆಂದು ಇದನ್ನು ಸುರಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ.

ನಿಮ್ಮ,
ಪರಿಮಳಾ

•

ಸುರಪುರ
29 ಮೇ 2025
(ಅದೇ ಕಂಡಕ್ಟರ್ ಕೈಯಲ್ಲಿ)

ಪರಿಮಳಾ, ಹುಲಗಪ್ಪ, ಇಬ್ಬರಿಗೂ,

ಪೇಂಟರ್‌ನನ್ನು ನಿಲ್ಲಿಸಿರಿ. ಈ ಕಾಗದ ಓದಿ ಮುಗಿಸುವ ಮೊದಲು ಯಾರಾದರೂ ಓಡಿಹೋಗಿ ಅವನ ಕೈಯಿಂದ ಬ್ರಷ್ ಕಸಿದುಕೊಳ್ಳಿರಿ.

ಬೋಗುಣಿ ಇನ್ನೂ ಇದೆಯೇ! ದಿನಾ ಒಲೆಯ ಮೇಲೆ ಏರುತ್ತಿತ್ತೇ! ನಾನು ಬಿಟ್ಟು ಬಂದ ದಿನವೇ ಅದನ್ನು ಹಳೆ ಪಾತ್ರೆ ಕೊಳ್ಳುವ ಬಾಂಡೆ ಅಂಗಡಿಗೆ ಹಾಕಿರುತ್ತಾಳೆ ಎಂದುಕೊಂಡಿದ್ದೆ. ನಲವತ್ತೆಂಟು ವರ್ಷ ಹಾಗೆಯೇ ನಂಬಿ ಕೂತಿದ್ದೆ. ನಿನ್ನ ಕಾಗದ ಓದಿ ನಾನು ಎಷ್ಟು ಜೋರಾಗಿ ಅತ್ತೆನೆಂದರೆ ನಂದಿನಿ ಹೊರಗಿನಿಂದ ಓಡಿಬಂದಳು. ಕಿವಿ ಕೇಳದವಳಿಗೆ ತನ್ನ ದನಿ ಎಷ್ಟು ದೊಡ್ಡದು ಎಂದು ತಿಳಿಯುವುದಿಲ್ಲ.

ಅದರ ತಳದಲ್ಲಿ ಬರೆಸಿದ್ದು ಯಾಕೆ ಗೊತ್ತೇ? ಎದುರಿಗೆ ಬರೆಸಿದರೆ ಕೊಟ್ಟದ್ದನ್ನು ಮಂದಿಗೆ ತೋರಿಸಿಕೊಂಡಂತೆ ಎಂದು. ಅವತ್ತು ಅಷ್ಟು ನಾಚಿಕೆ ಇದ್ದವಳು ನಾನು. ಈಗ ಹೇಳುವುದನ್ನು ಕೇಳಿರಿ.

ಏಪ್ರಿಲ್ಲಿನ ಕಾಗದದಲ್ಲಿ ನಾನು ಬರೆದದ್ದೆಲ್ಲ ನಿಜ. ಆದರೆ ಒಂದು ಮಾತು ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಪತ್ರಿಕೆಯವನು ಬಂದುಹೋದ ದಿನದಿಂದ ಅದನ್ನು ಬಿಟ್ಟೇ ಹೇಳುತ್ತ ಬಂದಿದ್ದೇನೆ. ಇಲ್ಲಿ ಸುರಪುರದಲ್ಲಿ ಅಂಗನವಾಡಿಗೆ ಬಂದ ತಾಯಂದಿರಿಗೆಲ್ಲ, ಶಹಾಪುರದ ಪುಂಡಿ ಮಿರ್ಚಿ ನನ್ನದು ಎಂದು ಹಾಗೆಯೇ ಹೇಳಿದ್ದೇನೆ.

ಅವತ್ತು ಬೆಳಿಗ್ಗೆ ತಿಮ್ಮಿಯನ್ನು ಟಾಂಗಾ ಹತ್ತಿಸಿದರು. ಬೇನೆಗೆ ಆಕೆಯ ತುಟಿ ಹಲ್ಲಿನ ಕೆಳಗಿತ್ತು. ಆದರೂ ಗಾಡಿ ನಿಲ್ಲಿಸಿ ನನ್ನನ್ನು ಕರೆದಳು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಮೌನಿ, ಹುಣಸಿಹಣ್ಣು ತೀರ್ಯಾದ. ಈ ಪುಂಡಿ ಪಲ್ಯೇನ ಮೆಣಸಿನಕಾಯಾಗ ತುಂಬಿಬಿಡು. ಹುಳಿ ಹುಳಿನೇ ಅಲ್ಲೇನು?" ಎಂದಳು. ನಾನು, "ಹುಚ್ಚಿ, ಮಂದಿ ಉಗುಳ್ತಾರ" ಎಂದೆ. ಆಕೆ ನಕ್ಕಳು, ಅಷ್ಟರಲ್ಲಿ ಬೇನೆ ಬಂತು, ಟಾಂಗಾ ಹೋಯಿತು. ಆ ಪಲ್ಯ ಮಾಡಿದವಳೂ ಆಕೆಯೇ.

ಹುಲಗಪ್ಪ, ನಿನ್ನ ಅವ್ವ ಸುಳ್ಳು ಹೇಳಿಲ್ಲ. "ನಾನು" ಎಂದಳು, ಅದು ನಿಜ. ನಾನು "ನಾನು" ಎನ್ನುತ್ತ ಬಂದೆ, ಅದೂ ನಿಜ. ಇಬ್ಬರೂ ಅರ್ಧರ್ಧ ಹಿಡಿದುಕೊಂಡು ಪೂರ್ತಿ ನನ್ನದೇ ಎಂದು ಹಟ ಮಾಡಿದೆವು. ಆಕೆ ನನ್ನ ಅರ್ಧವನ್ನು ದಿನಾ ಒಲೆಯ ಮೇಲಿಟ್ಟು ಕಾಪಾಡಿದಳು. ನಾನು ಆಕೆಯ ಅರ್ಧವನ್ನು ನುಂಗಿದೆ. ನೀನು ಹಾಕಿದ ಕಾಗದ ಸರಿಯಾಗಿಯೇ ಇತ್ತು. ನಾಚಿಕೆಪಡಬೇಕಾದವಳು ನಾನು, ಆ ಫೋಟೋ ಅಲ್ಲ.

ಮೊದಲು ಆಕೆಯನ್ನು ಮೊಳೆಗೆ ಹಾಕು. ಆಮೇಲೆ ಉಣ್ಣು.

ನಿಮ್ಮ ಮನೆಯವಳೇ ಆದ,
ಮೌನಮ್ಮ

•

ಶಹಾಪುರ
24 ಸೆಪ್ಟೆಂಬರ್ 2025

ಮೌನಮ್ಮ ಚಿಗವ್ವನಿಗೆ,

ಹುಲಗಪ್ಪನ ಸಾಷ್ಟಾಂಗ ನಮಸ್ಕಾರ. ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಪರಿಮಳಾ ದಿನಾ ಪೆನ್ನು ತಂದು ಮುಂದೆ ಇಡುತ್ತಿದ್ದಳು, ನಾನು ದಿನಾ ನಾಳೆ ಎನ್ನುತ್ತಿದ್ದೆ. ಮುಷ್ಟಿ ಬಿಡಿಸಲು ಮೂರು ಮಂದಿ ಬೇಕು ಎಂದು ನೀವು ಬರೆದದ್ದು ಸರಿಯೇ ಇದೆ.

ಅವತ್ತು ಕಂಡಕ್ಟರ್ ಕಾಗದ ತಂದಾಗ ಅಮೋಘಸಿದ್ದ ಏಣಿ ಹತ್ತಿ "ತಿ" ಅಳಿಸಿಯೂ ಆಗಿತ್ತು. ಪರಿಮಳಾ ಓದುತ್ತ ಓದುತ್ತಲೇ ಏಣಿ ಹಿಡಿದು ಅಲುಗಾಡಿಸಿದಳು, ಅವನು ಬಣ್ಣದ ಡಬ್ಬಿಯ ಸಮೇತ ನನ್ನ ಮೈಮೇಲೆ ಬಿದ್ದ. ಆ ಅಂಗಿ ಇನ್ನೂ ಇಟ್ಟಿದ್ದೇನೆ. ಅವ್ವನ ಫೋಟೋ ತಿರುಗಿ ಗೋಡೆಗೆ ಹೋಯಿತು. ನಾನು ಅದರ ಮುಂದೆ ನಿಂತು ತಪ್ಪಾಯಿತು ಎಂದೆ. ಗಟ್ಟಿಯಾಗಿಯೇ ಎಂದೆ, ಗಿರಾಕಿಗಳಿದ್ದರೂ.

ಈಗ ಬೋರ್ಡಿನ ಮೇಲೆ ಎರಡು ಹೆಸರಿದೆ: "ತಿಮ್ಮವ್ವ ಮೌನಮ್ಮ ಪುಂಡಿ ಮಿರ್ಚಿ". ಕೆಳಗೆ ತಾರೀಖಿನ ಜಾಗದಲ್ಲಿ "ಸೀಗಿ ಹುಣ್ಣಿಮೆಯ ಮರುದಿನ, 1975". ಯೂಟ್ಯೂಬಿನವರು ಪುರಾವೆ ಕೇಳಿದರು. ಬೋಗುಣಿ ಬೋರಲು ಹಾಕಿ ತೋರಿಸಿದೆ. ಯಾದಗಿರಿಯವನು ತಾನೇ ಬಂದು ನೋಡಿಕೊಂಡು, ನಾಲ್ಕು ಮಿರ್ಚಿ ತಿಂದು, "ನಮ್ಮಪ್ಪ ಇಲ್ಲೇ ತಿಂದು ಕಲ್ತಿದ್ನಂತ್ರಿ" ಎಂದು ನಕ್ಕು ಹೋದ. ತನ್ನ ಗಾಡಿಯ ಮೇಲಿನ ವರ್ಷವನ್ನು ಅಳಿಸುತ್ತೇನೆ ಎಂದಿದ್ದಾನೆ, ನೋಡೋಣ.

ಈ ಸಲ ಸೀಗಿ ಹುಣ್ಣಿಮೆಯ ಮರುದಿನ ಐವತ್ತು. ಮಿರ್ಚಿಗೆ ಮಾತ್ರವಲ್ಲ. ಚಿಗವ್ವ, ನನಗೂ ಅವತ್ತೇ ಐವತ್ತು. ಇಷ್ಟು ವರ್ಷ ಮಾಸ್ತರರು ಕೊಟ್ಟ ದಿನವನ್ನೇ ನನ್ನದು ಎಂದುಕೊಂಡು ಬದುಕಿದೆ. ನಾನು ಹುಟ್ಟಿದ ದಿನ ಹೇಗಿತ್ತು ಎಂದು ಹೇಳಲು ಅಪ್ಪ, ಅವ್ವ ಯಾರೂ ಉಳಿದಿಲ್ಲ ಎಂದುಕೊಂಡಿದ್ದೆ. ಒಬ್ಬರು ಇಲ್ಲೇ ಸುರಪುರದಲ್ಲಿ, ಬಸ್ಸಿಗೆ ಒಂದು ತಾಸಿನ ದಾರಿಯಲ್ಲಿ ಇದ್ದಾರೆ ಎಂದು ನನಗೆ ಯಾರೂ ಹೇಳಲಿಲ್ಲ.

ಅವತ್ತು ಬೆಳಗಿನ ಬಸ್ಸಿಗೆ ನಾನೇ ಬಂದು ನಿಮ್ಮನ್ನು ಕರೆದುಕೊಂಡು ಬರುತ್ತೇನೆ. ಅವ್ವ ಮಾಡುತ್ತಿದ್ದ ಹಾಗೆ ಪುಂಡಿಪಲ್ಯ ನಾನು ಮಾಡಿ ಬೋಗುಣಿಯಲ್ಲಿ ಇಟ್ಟಿರುತ್ತೇನೆ. ಹುಣಸೆಹಣ್ಣು ತರುವುದಿಲ್ಲ. ಕಡಾಯಿ ಮುಂದೆ ನೀವು ಕೂರಬೇಕು. ಮೊದಲ ಮಿರ್ಚಿ ನಿಮ್ಮ ಕೈಯಿಂದಲೇ ಎಣ್ಣೆಗೆ ಬೀಳಬೇಕು, ಅದನ್ನು ನೀವೇ ತಿನ್ನಬೇಕು. ಕೊನೆಯ ಎರಡನ್ನು ಕಾಗದದಲ್ಲಿ ಸುತ್ತಿ ಅವ್ವನ ಮುಂದೆ ಇಡೋಣ. ಈ ಸಲ ನಿಮ್ಮನ್ನು ಅಟ್ಟಿಸಿಕೊಂಡು ಬರುವವರು ಯಾರೂ ಇಲ್ಲ.

ನಿಮ್ಮ ಬೋಗುಣಿಯ ಮಗ,
ಹುಲಗಪ್ಪ